ನಲವತ್ತೆಂಟು ತಾಸು

ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ನಮ್ಮದು ಅಂದರೆ ನಾನು ಕೆಲಸ ಮಾಡೋ ಜಾಗ. ಮೂರು ಲೇತ್, ಎರಡು ಡ್ರಿಲ್ಲಿಂಗ್ ಮಷಿನ್, ತಗಡು ಒತ್ತೋ ನಾಲ್ಕು ಪವರ್ ಪ್ರೆಸ್. ಮಸ್ಟರಿನಲ್ಲಿ ಇಪ್ಪತ್ತಾರು ಹೆಸರು. ನಾನು ಅಕೌಂಟ್ಸ್ ನೋಡುತ್ತೇನೆ. ಹೆಸರಿಗೆ ಅಕೌಂಟ್ಸ್, ಆದರೆ ಹಾಜರಿ, ಪಗಾರ, ಇಎಸ್‌ಐ (ನೌಕರರ ವಿಮೆ), ಪಿಎಫ್, ಚಹಾದಂಗಡಿ ಲೆಕ್ಕ ಎಲ್ಲ ನನ್ನ ಟೇಬಲ್ಲಿಗೇ ಬಂದು ಬೀಳುತ್ತವೆ. ಆ ರಾಶಿಯಲ್ಲಿ ಕೆಂಪು ಬಟ್ಟೆಯ ಬೆನ್ನಿನ ಒಂದು ಉದ್ದನೆ ಪುಸ್ತಕವೂ ಇದೆ. ಅಪಘಾತದ ರಿಜಿಸ್ಟರ್. ಹನ್ನೊಂದು ವರ್ಷದಿಂದ ಅದನ್ನು ಬರೆಯೋಳು ನಾನೇ. ಬರೆಯೋದು ಅಂದರೆ ಏನು, ವರ್ಷಕ್ಕೊಮ್ಮೆ ‘ಇಲ್ಲ’ ಅಂತ ಬರೆದು ತಾರೀಕು ಹಾಕೋದು.

2024ರ ಫೆಬ್ರವರಿಯಲ್ಲಿ ಒಂದು ಫೋನ್ ಬಂತು. ಶಾಸಕರ ಸಮಿತಿಯೊಂದು ಬರುತ್ತದಂತೆ. ಫ್ಯಾಕ್ಟರಿಗಳ ನಿಯಮ ಹೇಗೆ ನಡೆಯುತ್ತಿವೆ, ಕೆಲಸದ ಜಾಗದಲ್ಲಿ ಗಾಯವಾದರೆ ಯಾರು ಯಾರಿಗೆ ತಿಳಿಸುತ್ತಾರೆ, ಅದನ್ನೆಲ್ಲ ಕೇಳುತ್ತಾರಂತೆ. ಎಸ್ಟೇಟಿನ ಹಾಲಿನಲ್ಲಿ ಸಭೆ. ಮಾಲೀಕರು ಬರಬೇಕು, ಐದು ವರ್ಷದ ರಿಜಿಸ್ಟರ್ ತರಬೇಕು.

ನಮ್ಮ ಸಾಹುಕಾರರ ಮುಖ ಸಣ್ಣದಾಯಿತು. ‘ನಮ್ಮಲ್ಲಿಗೂ ಬರ್ತಾರೇನ್ರಿ?’ ಅಂತ ಮೂರು ಸಲ ಕೇಳಿದರು. ಬಂದರೂ ಬರಬಹುದು ಅಂದೆ. ಅಷ್ಟೇ ಸಾಕಾಯಿತು. ಮರುದಿನ ನೆಲಕ್ಕೆ ಹಳದಿ ಪಟ್ಟಿ ಬಿತ್ತು. ಫಸ್ಟ್ ಏಡ್ ಡಬ್ಬಿಯ ಕೀಲಿ ಹುಡುಕಲು ಅರ್ಧ ದಿನ ಹೋಯಿತು. ತೆರೆದು ನೋಡಿದರೆ ಒಳಗೆ ಒಂದು ಕತ್ತರಿ, ಒಂದು ಎಲೆಅಡಿಕೆ ಚೀಟು. ಪವರ್ ಪ್ರೆಸ್ಸಿನ ಜಾಳಿಗೆ ಗಾರ್ಡ್ ಸ್ಟೋರಿನ ಹಿಂದೆ ಗೋಣಿಚೀಲದ ಕೆಳಗೆ ಸಿಕ್ಕಿತು. ಜೇಡರ ಬಲೆ ಒರೆಸಿ ಫೋರ್‌ಮನ್ ಕಾಕಾ ಅದನ್ನು ಕೂರಿಸಲು ಹೋದರೆ, ಪ್ರೆಸ್ಸಿನ ಹುಡುಗರೇ ಬೇಡ ಅಂದರು. ‘ಕಾಕಾ, ಇದನ್ನ ಹಾಕಿದ್ರ ಪೀಸ್ ಆಗಂಗಿಲ್ಲ. ಅವರು ಹೋದಮ್ಯಾಲೆ ತಗೀತೀರಿಲ್ಲೋ?’

ಪೀಸಿನ ಮೇಲೆ ಇನ್ಸೆಂಟಿವ್ ಇದೆಯಲ್ಲ, ಅವರ ಮಾತೂ ಸುಳ್ಳಲ್ಲ.

ಇದಕ್ಕಿಂತ ಮೂರು ವಾರ ಮುಂಚೆ, ಸಂಕ್ರಮಣ ಮುಗಿದ ಮೇಲಿನ ವಾರ, ನಮ್ಮಲ್ಲಿ ಒಂದು ಬೆರಳು ಹೋಗಿತ್ತು.

ನಮ್ಮ ಶಾಪಿನಲ್ಲಿ ಹೆಸರಿಗಿಂತ ಊರೇ ಮುಂದು. ಕುಂದಗೋಳ, ನವಲಗುಂದ, ಶಿಗ್ಗಾಂವಿ ಅಂತಲೇ ಕೂಗುತ್ತಾರೆ. ಇವನು ಅಣ್ಣಿಗೇರಿ. ಬೆಳಿಗ್ಗೆ ರೈಲಿಗೆ ಬಂದು ಒಂಬತ್ತಕ್ಕೆ ಪ್ರೆಸ್ಸಿನ ಮುಂದೆ ನಿಲ್ಲುವ ಹುಡುಗ. ಆ ಪ್ರೆಸ್ಸಿಗೆ ಎರಡು ಗುಂಡಿ ಇವೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪಂಚ್ ಕೆಳಗಿಳಿಯಬೇಕು. ಕೈ ಒಳಗೆ ಉಳಿಯಬಾರದು ಅಂತಲೇ ಹಾಗೆ ಮಾಡಿರೋದು. ಆದರೆ ಎಡಗಡೆ ಗುಂಡಿಯ ಸಂದಿಗೆ ಒಂದು ಮರದ ಚಕ್ಕೆ ಸಿಕ್ಕಿಸಿದರೆ ಅದು ಒತ್ತಿದಂತೆಯೇ ಉಳಿಯುತ್ತದೆ. ಆಗ ಬಲಗೈ ಗುಂಡಿ ಒತ್ತುತ್ತದೆ, ಎಡಗೈ ತಗಡು ಸರಿಸುತ್ತದೆ. ಕೆಲಸ ಓಡುತ್ತದೆ. ಆ ಚಕ್ಕೆಯನ್ನು ನಾನು ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಹೆಬ್ಬೆರಳಿನಷ್ಟು ಉದ್ದ. ಎಣ್ಣೆ ಕುಡಿದು ಕಪ್ಪಾಗಿ, ನುಣುಪಾಗಿತ್ತು. ಒಂದೆರಡು ದಿನದ ಹಿಂದೆ ಕೆತ್ತಿದ್ದಲ್ಲ, ವರ್ಷಗಟ್ಟಲೆ ಅಲ್ಲೇ ಇದ್ದದ್ದು.

ಸಂಜೆ ಏಳೂವರೆ. ಓಟಿ, ಅಂದರೆ ಓವರ್‌ಟೈಮ್, ನಡೆದಿತ್ತು. ಅವನು ನಿಂತು ಹತ್ತೂವರೆ ತಾಸಾಗಿತ್ತು. ಅದರ ಹಿಂದಿನ ವರ್ಷವಷ್ಟೇ, 2023ರಲ್ಲಿ, ನಮ್ಮ ವಿಧಾನಮಂಡಲ ಫ್ಯಾಕ್ಟರಿ ಕಾಯ್ದೆ ತಿದ್ದಿ ದಿನಕ್ಕೆ 12 ತಾಸಿನವರೆಗೂ ದುಡಿಸಲು ದಾರಿ ಮಾಡಿತ್ತು. ವಾರಕ್ಕೆ 48 ತಾಸು ಅನ್ನೋದು ಮಾತ್ರ ಹಾಗೇ ಉಳಿದಿತ್ತು. ನಮ್ಮಂಥ ಕಡೆ ಮೊದಲನೆಯದು ಎಲ್ಲರಿಗೂ ಗೊತ್ತಿರುತ್ತದೆ, ಎರಡನೆಯದನ್ನು ನೆನಪು ಮಾಡುವವರು ಕಡಿಮೆ.

ಎಡಗೈ ತೋರುಬೆರಳಿನ ಮೇಲಿನ ಗೆಣ್ಣು ಹೋಯಿತು. ಕಾಕಾ ಅದನ್ನು ಸ್ಕ್ರ್ಯಾಪ್ ಡಬ್ಬಿಯಿಂದ ಹೆಕ್ಕಿ, ಹತ್ತಿ ವೇಸ್ಟಿನಲ್ಲಿ ಸುತ್ತಿ ದವಾಖಾನೆಗೆ ಒಯ್ದರು. ಜಜ್ಜಿದೆ, ಕೂಡಿಸೋಕೆ ಬರಲ್ಲ ಅಂದರಂತೆ ಡಾಕ್ಟರು. ಹೊಲಿಗೆ ಹಾಕಿ ಕಳಿಸಿದರು. ಹುಡುಗ ಅತ್ತಿರಲಿಲ್ಲ. ನನ್ನನ್ನು ನೋಡಿ ‘ಅಕ್ಕಾರ, ಇವತ್ತಿನ ಓಟಿ ಹಿಡೀತೀರಿಲ್ಲೋ?’ ಅಂದ.

ಆಗಿನ ಕಾಯ್ದೆ ಏನು ಹೇಳುತ್ತಿತ್ತು ಅಂತ ಸ್ವಲ್ಪ ಹೇಳಬೇಕು. 1948ರ ಫ್ಯಾಕ್ಟರಿ ಕಾಯ್ದೆಯ 88ನೇ ಕಲಮಿನ ಪ್ರಕಾರ, ಕೆಲಸದಲ್ಲಿ ಯಾರಾದರೂ ಸತ್ತರೆ, ಇಲ್ಲಾ ಗಾಯದಿಂದ 48 ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲು ಆಗದೇ ಹೋದರೆ, ಮ್ಯಾನೇಜರು ಇಲಾಖೆಗೆ ತಿಳಿಸಬೇಕಿತ್ತು. ಓದಲು ಸರಿಯಾಗೇ ಇದೆ ಅಲ್ವಾ? ಚಿಕ್ಕಪುಟ್ಟ ಗೀರಿಗೆಲ್ಲ ಫಾರ್ಮು ಬೇಡ, ದೊಡ್ಡ ಗಾಯ ಬಿಟ್ಟುಹೋಗಬಾರದು, ಆ ಲೆಕ್ಕದಲ್ಲಿ ಬರೆದಿದ್ದಾರೆ. ಆದರೆ ಗಾಯ ಎಷ್ಟು ದೊಡ್ಡದು ಅನ್ನೋದನ್ನು ಗಡಿಯಾರ ನೋಡಿ ಹೇಳಬೇಕು ಅಂದರೆ, ಗಡಿಯಾರ ನಿಲ್ಲಿಸೋದನ್ನು ಜನ ಕಲಿಯುತ್ತಾರೆ.

ಸಾಹುಕಾರರು ಅವತ್ತು ರಾತ್ರಿಯೇ ಹೇಳಿದರು: ‘ನಾಳೆ ಒಂದಿನ ಮಲಗ್ಲಿ. ನಾಡದು ಬರಾಕ ಹೇಳ್ರಿ. ಗೇಟಿನ್ಯಾಗ ಕುಂದರ್ಲಿ, ಭಾರಾ ಎತ್ತೂದು ಬ್ಯಾಡ. ಪಗಾರ ಕಟ್ ಮಾಡಬ್ಯಾಡ್ರಿ.’ ಈ ಮಾತಿನಲ್ಲಿ ಕರುಣೆಯೂ ಇತ್ತು, ಲೆಕ್ಕವೂ ಇತ್ತು. ಎರಡನ್ನೂ ಬೇರೆ ಮಾಡಲು ನನಗೆ ಇವತ್ತಿಗೂ ಆಗಿಲ್ಲ. ಅವರೂ ಲೇತಿನ ಮೇಲೆ ದುಡಿದೇ ಮಾಲೀಕರಾದವರು. ಅವರ ಬಲಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಚಪ್ಪಟೆ. ಕಸುಬು ಕಲಿತ ಕೈಗೆ ಗಾಯದ ಕಲೆ ಇರಲೇಬೇಕು ಅಂತ ನಂಬಿದ ಪೀಳಿಗೆ ಅದು.

ನಾಡಿದ್ದು ಒಂಬತ್ತಕ್ಕೆ ಅಣ್ಣಿಗೇರಿ ಬಂದ. ನಾನು ಮಸ್ಟರಿನಲ್ಲಿ ಹಾಜರಿ ಹಾಕಿದೆ. ಎಣಿಸಿದರೆ ಮೂವತ್ತೇಳೂವರೆ ತಾಸು.

ಗೇಟಿನಲ್ಲಿ ವಾಚ್‌ಮನ್ ಪಕ್ಕ ಒಂದು ಸ್ಟೂಲು. ಅಲ್ಲೇ ಗೋಡೆ ಮೇಲೆ ಒಂದು ಕಪ್ಪು ಹಲಗೆ. ಹಿಂದಿನ ವರ್ಷ ಮಾರ್ಚ್ 4ಕ್ಕೆ, ರಾಷ್ಟ್ರೀಯ ಸುರಕ್ಷತಾ ದಿನ ಅಂತ ತೂಗುಹಾಕಿದ್ದು. ‘ಅಪಘಾತವಿಲ್ಲದ ದಿನಗಳು’ ಅಂತ ಪೇಂಟಿನಲ್ಲಿ ಬರೆದಿದೆ, ಮುಂದಿನ ಅಂಕಿ ಮಾತ್ರ ಸುಣ್ಣದ ಕಡ್ಡಿಯಲ್ಲಿ. ದಿನಾ ಅಳಿಸಿ ಬರೆಯೋದು ವಾಚ್‌ಮನ್ ಕೆಲಸ. ಅವರ ಕೈ ನಡುಗುತ್ತದೆ, ಅಂಕಿ ಚೆಂದ ಬರಲ್ಲ. ‘ನೀ ಬರಿಯಪಾ, ನಿನ್ನ ಬಲಗೈ ಚಲೋ ಐತೆಲ್ಲ’ ಅಂದರಂತೆ. ನಾನು ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಹಲಗೆ ಮೇಲೆ 327 ಇತ್ತು. ದುಂಡಗೆ, ಶಾಲೆ ಮಾಸ್ತರರ ಅಕ್ಷರದ ಹಾಗೆ.

ಸಮಿತಿ ನಮ್ಮ ಶಾಪಿಗೆ ಬರಲೇ ಇಲ್ಲ. ಹಳದಿ ಪಟ್ಟಿ ದಂಡವಾಯಿತು. ಹಾಲಿನಲ್ಲಿ ಮಾತ್ರ ಸಭೆ ಆಯಿತು. ಮುಂದೆ ಶಾಸಕರು, ಪಕ್ಕದಲ್ಲಿ ಅಧಿಕಾರಿಗಳು, ಎದುರು ಮಾಲೀಕರು, ಹಿಂದೆ ನಮ್ಮಂಥ ರಿಜಿಸ್ಟರ್ ಹೊತ್ತವರು. ಮುಂದಿನ ಸಾಲಿಗೆ ಗೋಡಂಬಿ, ಪೇಡೆ. ನಮ್ಮ ಸಾಲಿಗೆ ಬರೀ ಚಹಾ. ಮಷಿನ್ ಮುಂದೆ ನಿಲ್ಲೋರು ಒಬ್ಬರೂ ಇರಲಿಲ್ಲ. ಅವರಿಗೆ ಅವತ್ತು ಶಿಫ್ಟು.

ಮೊದಲ ಒಂದು ತಾಸು ದೊಡ್ಡ ಅಪಘಾತಗಳದೇ ಮಾತು. 2022ರ ಜುಲೈನಲ್ಲಿ ತಾರಿಹಾಳದ ಫ್ಯಾಕ್ಟರಿಯೊಂದರಲ್ಲಿ ಬೆಂಕಿ ಬಿದ್ದು ಕೆಲಸಗಾರರು ಸತ್ತದ್ದು ಎಲ್ಲರ ಬಾಯಲ್ಲೂ ಬಂತು. ಬರಲೇಬೇಕಿತ್ತು. ಆದರೆ ಕೂತಲ್ಲೇ ನನಗೆ ಅನಿಸಿತು, ಸಾವನ್ನು ಯಾರೂ ಮುಚ್ಚಿಡಲು ಆಗಲ್ಲ. ಬೆರಳನ್ನು ಮುಚ್ಚಿಡಬಹುದು, ಗ್ಲೌಸ್ ಹಾಕಿದರೆ ಸಾಕು.

ಮಾಲೀಕರ ಪರವಾಗಿ ಎದ್ದ ಒಬ್ಬರು ಹೇಳಿದ್ದರಲ್ಲೂ ಹುರುಳಿತ್ತು. ಒಂದೇ ಗಾಯಕ್ಕೆ ಇಲಾಖೆಗೊಂದು ಕಾಗದ, ಇಎಸ್‌ಐಗೊಂದು ಕಾಗದ, ದೊಡ್ಡದಾದರೆ ಪೊಲೀಸರಿಗೆ ಇನ್ನೊಂದು. ತಿಳಿಸಿದವನನ್ನೇ ಮೊದಲು ಹಿಡಿಯುತ್ತಾರೆ. ಆಗಿನ ಕಾಯ್ದೆ ಮುರಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ‘ನಾವ ಹೋಗಿ ನಮ್ಮ ಮ್ಯಾಲೆ ಕಂಪ್ಲೇಂಟ್ ಕೊಟ್ಟಂಗ ಆಗ್ತೈತ್ರಿ’ ಅಂದರು. ಹಾಲೆಲ್ಲ ನಕ್ಕಿತು. ಆ ಕಾಗದಗಳನ್ನು ತುಂಬೋಳು ನಾನು, ಹಾಗಾಗಿ ನಾನೂ ತಲೆ ಆಡಿಸಿದೆ.

ಆಮೇಲೆ ರಿಜಿಸ್ಟರುಗಳು ಮುಂದೆ ಹೋದವು. ಸಮಿತಿಯಲ್ಲಿ ಒಬ್ಬರು ವಯಸ್ಸಾದ ಶಾಸಕರಿದ್ದರು, ಟೊಪ್ಪಿಗೆ, ದಪ್ಪ ಕನ್ನಡಕ. ನಾಲ್ಕೈದು ಪುಸ್ತಕ ತಿರುವಿದರು. ಎಲ್ಲದರಲ್ಲೂ ಇಲ್ಲ, ಇಲ್ಲ, ಇಲ್ಲ. ಕನ್ನಡಕ ತೆಗೆದು ಕೇಳಿದರು, ‘ಐದ ವರ್ಷದಾಗ ಇಷ್ಟು ಕಾರ್ಖಾನೆದಾಗ ಒಂದೂ ಗಾಯ ಇಲ್ಲಾ? ನಮ್ಮ ಮನಿ ಅಡಗಿಮನ್ಯಾಗ ವಾರಕ್ಕೊಂದ ಬೆರಳು ಕೊಯ್ಕೊಂತಾರಲ್ರಿ!’

ಈ ಸಲ ಯಾರೂ ನಗಲಿಲ್ಲ.

‘ಇದನ್ನ ಬರದಾವ್ರು ಯಾರು?’ ಅಂತ ಅವರು ಎತ್ತಿ ಹಿಡಿದದ್ದು ಕೆಂಪು ಬೆನ್ನಿನ ಪುಸ್ತಕ. ನಮ್ಮ ಸಾಹುಕಾರರು ಹಿಂದೆ ತಿರುಗಿ ನೋಡಿದರು. ನಾನು ಎದ್ದು ನಿಂತೆ.

‘ಎರಡು ದಿನ ಕೆಲಸಕ್ಕ ಬರಲಿಲ್ಲಂದ್ರ ಬರೀತೀರಿಲ್ಲೋ ಅವ್ವಾರ?’

‘ಹೌದ್ರಿ ಸರ್.’

‘ಗಾಯ ಆಗಿ ಯಾರೂ ಎರಡು ದಿನ ತಪ್ಪಿಲ್ಲ?’

‘ತಪ್ಪಿಲ್ರಿ ಸರ್.’

ಒಂದಕ್ಷರವೂ ಸುಳ್ಳಿರಲಿಲ್ಲ. ಮಸ್ಟರ್ ತೆಗೆದು ನೋಡಿದರೂ ಅದೇ ಇತ್ತು. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತೋ. ಗಾಯವಾದವನು ಬಂದು ಎಲ್ಲಿ ಕೂತ ಅಂತ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಕೇಳಲಿಲ್ಲ. ‘ಕೂಡ್ರಿ’ ಅಂದರು. ಪುಸ್ತಕ ಮುಚ್ಚಿದರು. ಮುಂದಿನ ವಿಷಯಕ್ಕೆ ಹೋದರು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಪಶ್ಚಾತ್ತಾಪ ಅಂತ ದೊಡ್ಡ ಮಾತು ಆಡಲ್ಲ. ಒಳಗೆ ಕೊರೆಯುತ್ತಿದ್ದದ್ದು ಒಂದು ಲೆಕ್ಕ. ಅವನ ಪಗಾರ 12,000. ಅದರಲ್ಲಿ ಇಎಸ್‌ಐಗೆ ಶೇ 0.75, ಅಂದರೆ ತಿಂಗಳಿಗೆ 90 ರೂಪಾಯಿ, ನಾನೇ ಹಿಡಿಯುತ್ತಿದ್ದೆ. ಆಗಿನ ಇಎಸ್‌ಐ ಕಾಯ್ದೆಯ ಹಿಂದೆ ಒಂದು ಪಟ್ಟಿ ಇತ್ತು. ಓದಿದರೆ ಮೈ ಜುಮ್ಮೆನ್ನುತ್ತದೆ. ದೇಹದ ಒಂದೊಂದು ತುಂಡಿಗೂ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಶೇಕಡಾ ಹಾಕಿದ್ದರು. ತೋರುಬೆರಳು ಪೂರ್ತಿ ಹೋದರೆ 14. ಎರಡು ಗೆಣ್ಣಿಗೆ 11. ಒಂದು ಗೆಣ್ಣಿಗೆ 9. ಎಲುಬು ಉಳಿದು ಬರೀ ತುದಿ ಹೋದರೆ 5. ಕಿರುಬೆರಳು ಪೂರ್ತಿ ಹೋದರೂ 7 ಅಷ್ಟೇ. ಇವನದು 9. ಪಗಾರದ ಶೇ 90ರಲ್ಲಿ ಶೇ 9 ಅಂತ ಹಿಡಿದರೆ, ನನ್ನ ಲೆಕ್ಕಕ್ಕೆ ತಿಂಗಳಿಗೆ ಸಾವಿರದ ಹತ್ತಿರ ಬರುತ್ತದೆ, ಅವನು ಬದುಕಿರೋ ತನಕ. ಆದರೆ ಅಪಘಾತವೇ ಆಗಿಲ್ಲ ಅಂದಮೇಲೆ ಯಾವ ಗೆಣ್ಣಿಗೆ ದುಡ್ಡು?

ಮರುದಿನ 12ನೇ ನಂಬರಿನ ಫಾರ್ಮು, ಇಎಸ್‌ಐಗೆ ಕೊಡೋ ಅಪಘಾತದ ವರದಿ, ತುಂಬಿ ಸಾಹುಕಾರರ ಟೇಬಲ್ ಮೇಲೆ ಇಟ್ಟೆ. ಏಟು ಬಿದ್ದಾಗ ಅವನು ಯಾರದಾದರೂ ಆದೇಶ ಮೀರಿ ಕೆಲಸ ಮಾಡುತ್ತಿದ್ದನೇ ಅಂತ ಅದರಲ್ಲಿ ಕೇಳುತ್ತಾರೆ. ಅಲ್ಲಿ ಪೆನ್ನು ನಿಂತಿತು. ಆ ಚಕ್ಕೆ ಸಿಕ್ಕಿಸಿದ್ದು ಯಾರು? ಈ ಹುಡುಗ ಸೇರೋದಕ್ಕೂ ಮೊದಲಿಂದ ಅದು ಅಲ್ಲಿತ್ತು. ‘ಇಲ್ಲ’ ಅಂತ ಬರೆದೆ. ಹನ್ನೊಂದು ವರ್ಷ ಬರೆದ ‘ಇಲ್ಲ’ಗಳಲ್ಲಿ ಇದೊಂದನ್ನು ಬರೆಯುವಾಗ ಕೈ ಹಗುರ ಇತ್ತು.

ಸಾಹುಕಾರರು ಬೈಯಲಿಲ್ಲ. ‘ತಡಾ ಆಗೇತಿ, ದಂಡ ಹಾಕ್ತಾರೇನ್ರಿ?’ ಅಂದರು. ಗೊತ್ತಿಲ್ರಿ ಅಂದೆ. ಹನ್ನೆರಡು ದಿನ ಆ ಕಾಗದ ಪೇಪರ್‌ವೇಟಿನ ಕೆಳಗೆ ಇತ್ತು. ಹದಿಮೂರನೇ ದಿನ ಸಹಿ ಆಗಿತ್ತು. ಯಾಕೆ ಅಂತ ನಾನು ಕೇಳಲಿಲ್ಲ. ಆಮೇಲೆ ಮೆಡಿಕಲ್ ಬೋರ್ಡು, ಫೋಟೋ, ಬ್ಯಾಂಕ್ ಪಾಸ್‌ಬುಕ್ ಅಂತ ಹುಡುಗ ಓಡಾಡಿದ. ಅದು ಬೇರೆಯೇ ಕಥೆ.

ಆ ಸಮಿತಿ ಏನು ಬರೆಯಿತೋ ನಮ್ಮ ಎಸ್ಟೇಟಿಗೆ ಯಾರೂ ಬಂದು ಹೇಳಲಿಲ್ಲ. 2020ರಲ್ಲಿ ಸಂಸತ್ತಿನಲ್ಲಿ ಪಾಸಾಗಿ ಕೂತಿದ್ದ ಕೇಂದ್ರದ ಸುರಕ್ಷತಾ ಸಂಹಿತೆ ಕೊನೆಗೂ 2025ರ ನವೆಂಬರ್ 21ರಿಂದ ಫ್ಯಾಕ್ಟರಿ ಕಾಯ್ದೆಯ ಬದಲಿಗೆ ಜಾರಿಗೆ ಬಂತು. ಕರೆಂಟಿನಿಂದ ನಡೆಯುವ ಜಾಗವನ್ನು ಫ್ಯಾಕ್ಟರಿ ಅನ್ನಲು ಮೊದಲು 10 ಜನ ಇದ್ದರೆ ಸಾಕಿತ್ತು, ಈಗ 20 ಬೇಕು. ಅಪಘಾತ ತಿಳಿಸುವ ಕಲಮನ್ನು ನಾನು ಆಸೆಯಿಂದ ಹುಡುಕಿ ಓದಿದೆ. ಅಲ್ಲೂ ಅದೇ 48 ತಾಸು.

ಗಾರ್ಡ್ ಮಾತ್ರ ಪ್ರೆಸ್ಸಿನ ಮೇಲೆ ಉಳಿದಿದೆ. ಚಕ್ಕೆ ನನ್ನ ಡ್ರಾಯರಿನಲ್ಲಿದೆ. ಹಲಗೆ ಮೇಲಿನ ಅಂಕಿಯನ್ನು 2024ರ ಆ ಫೆಬ್ರವರಿಯಲ್ಲೇ ಯಾರೋ ಅಳಿಸಿದರು, ಮತ್ತೆ ಸೊನ್ನೆಯಿಂದ ಶುರು ಮಾಡಲಿಲ್ಲ, ಸುಮ್ನೆ ಖಾಲಿ ಬಿಟ್ಟರು.

ಆ ವರ್ಷ ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಚುನಾವಣೆ. ಮರುದಿನ ಅಣ್ಣಿಗೇರಿ ಆಫೀಸಿನ ಬಾಗಿಲಲ್ಲಿ ನಿಂತು ಎಡಗೈ ಎತ್ತಿ ತೋರಿಸಿದ. ಮೋಟು ಬೆರಳಿನ ಮೇಲೆ ಕಪ್ಪು ಶಾಯಿಯ ಗೆರೆ.

‘ಅಲ್ಲಿ ಕೂತಿದ್ದ ಮೇಡಮ್ಮಾರು ಎಲ್ಲಿ ಹಚ್ಚೂದು ಅಂತ ಎರಡು ನಿಮಿಷ ನೋಡಿದ್ರ್ರಿ ಅಕ್ಕಾರ. ಉಗುರ ಇಲ್ಲಲ್ಲ, ಬರೇ ತೊಗಲ ಮ್ಯಾಲೆ ಹಚ್ಚ್ಯಾರ. ಉಳದಾವ್ರದು ತಿಂಗಳುಗಟ್ಟಲೆ ಇರ್ತೈತಿ. ನಂದು ಲಗೂನ ಹೋಗ್ತೈತಿ.’