ಡಾಕ್ಟ್ರೇ ಅಂತ ಕರೆದರೂ ನಾನು ಡಾಕ್ಟರ್ ಅಲ್ಲ

ಪಕ್ಕದ ಮನೆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ‘ಅಣ್ಣಾ, ನಾನೂ ನಿಮ್ ತರ ದನದ ಡಾಕ್ಟ್ರಾಗ್ತೀನಿ’ ಅಂದ. ಅಲ್ಲೇ ತಿದ್ದಿದೆ. ನಾನು ಓದಿದ್ದು ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾ, ಬೀದರ್‌ನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಪಾಲಿಟೆಕ್ನಿಕ್‌ನಲ್ಲಿ. ಡಾಕ್ಟರ್ ಆಗಬೇಕಾದರೆ ಪಿಯುಸಿ ಸೈನ್ಸ್ ಮುಗಿಸಿ, ಆಮೇಲೆ ಐದೂವರೆ ವರ್ಷ ಓದಬೇಕು. ಎರಡೂ ಬೇರೆ ಬೇರೆ ದಾರಿ.

ನಮ್ಮನ್ನು ಜಾಸ್ತಿ ಕರೆಯುವುದು ಹಸು ಬೆದೆಗೆ ಬಂದಾಗ, ಕೃತಕ ಗರ್ಭಧಾರಣೆ ಮಾಡಿಸಲು. ಹೋರಿಯ ವೀರ್ಯ ತುಂಬಿದ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿರುತ್ತವೆ. ಒಂದನ್ನು ತೆಗೆದು, 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ವೀರ್ಯ ಬಿಡುವ ಗನ್‌ಗೆ ಹಾಕಿ, ಇನ್ನೊಂದು ಕೈಯನ್ನು ಸಗಣಿ ಬರುವ ದಾರಿಯಲ್ಲಿ ಮೊಣಕೈ ದಾಟುವಷ್ಟು ಒಳಗೆ ಹಾಕಿ ಗರ್ಭಕೋಶದ ಕೊರಳು ಹುಡುಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ಕಣ್ಣು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಅಂತ ನೂರು ಸಲ ಹೇಳಿದ್ದೇನೆ. ನಮ್ಮ ಜನ ಫೋನ್ ಮಾಡುವುದು ಹಸು ಎರಡು ದಿನ ಕೂಗಿ ಸುಮ್ಮನಾದ ಮೇಲೆ! ಗಬ್ಬ ನಿಲ್ಲದಿದ್ದರೆ ಮಾತ್ರ ತಪ್ಪು ನಮ್ಮದೇ, ಅಲ್ವಾ.

ಲಸಿಕೆ, ಬ್ಯಾಂಡೇಜು, ರಿಜಿಸ್ಟರ್ ಬರೆಯುವುದು ಎಲ್ಲ ಕಲಿತರೆ ಬರುತ್ತದೆ. ಕಷ್ಟ ಇರುವುದು ‘ನನ್ನ ಕೈಲಿ ಆಗಲ್ಲ’ ಅನ್ನುವುದರಲ್ಲಿ.

ಒಂದು ರಾತ್ರಿ ಕರು ಹಾಕಿದ ಮರುದಿನವೇ ಹಸು ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಹಾಲುಜ್ವರ. ಹೆಸರಷ್ಟೇ ಜ್ವರ, ಕಿವಿ ಮುಟ್ಟಿದರೆ ತಣ್ಣಗೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಮನೆಯವರು ‘ಬಾಟ್ಲಿ ತಂದಿದ್ದೀವಿ, ಏರಿಸಿಬಿಡಿ ಡಾಕ್ಟ್ರೇ’ ಅಂತ ಕೈ ಮುಗಿದರು. ಏರಿಸುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಾಟ್ಲಿಯ ಕ್ಯಾಲ್ಸಿಯಂ ರಕ್ತಕ್ಕೆ ಜೋರಾಗಿ ಇಳಿದರೆ ಹೃದಯವೇ ನಿಲ್ಲಬಹುದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನಾವು ಮಾಡಬಹುದಾದ್ದು ಸಣ್ಣಪುಟ್ಟ ಚಿಕಿತ್ಸೆ, ಅದೂ ನೋಂದಾಯಿತ ಪಶುವೈದ್ಯರ ನಿಗಾದಲ್ಲಿ. ಡಾಕ್ಟರಿಗೆ ಫೋನ್ ಮಾಡಿ, ಹಸುವನ್ನು ಎದೆ ಮೇಲೆ ಕೂರುವ ಹಾಗೆ ಹುಲ್ಲಿನ ಚೀಲ ಒತ್ತು ಕೊಟ್ಟು, ಬಾಟ್ಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ಕಾದೆ. ನಲವತ್ತು ನಿಮಿಷ. ಮನೆ ಯಜಮಾನ ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿಯಿತ್ತು. ಡಾಕ್ಟರ್ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ಹನಿಹನಿಯಾಗಿ ಬಿಟ್ಟರು. ಹಸು ತೇಗಿತು, ಸಗಣಿ ಹಾಕಿತು, ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ಆ ಯಜಮಾನ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ, ಅದು ಬೇರೆ ವಿಷಯ.

ಹುಡುಗನಿಗೆ ಇನ್ನೊಂದೂ ಹೇಳಿದೆ. ಕಂದು ಹಾಕಿದ, ಅಂದರೆ ಗರ್ಭ ಕಳೆದುಕೊಂಡ ಹಸುವಿನ ಕಸವನ್ನು (ಮಾಸನ್ನು) ಯಾರು ಎಷ್ಟೇ ಅವಸರ ಮಾಡಿದರೂ ಬರಿಗೈಲಿ ಮುಟ್ಟಬೇಡ. ಬ್ರುಸೆಲ್ಲಾ ಅನ್ನೋ ರೋಗಾಣು ಇದ್ದರೆ ಮನುಷ್ಯರಿಗೂ ಅಂಟುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು.

ಇಷ್ಟೆಲ್ಲ ಕೇಳಿದ ಮೇಲೂ ಅವನ ಪ್ರಶ್ನೆ ಒಂದೇ: ‘ಬೈಕ್ ಕೊಡ್ತಾರಾ ಅಣ್ಣಾ?’ ನಾಳೆ ಬೆಳಿಗ್ಗೆ ಆರಕ್ಕೆ ಒಂದು ಹಸು ಇದೆ, ಬಾಲ ಹಿಡಿಯೋಕೆ ಬಾ, ಹಳೇ ಶರಟು ಹಾಕ್ಕೊಂಡು ಬಾ ಅಂದಿದ್ದೇನೆ.