ಮೀಟರ್ ಮುಂದೆ ಒಂದು ರಾತ್ರಿ

ಆವತ್ತು ರಾತ್ರಿ ಮನೆಯ ದೀಪ, ಫ್ಯಾನ್ ಎಲ್ಲ ಆರಿಸಿ, ಫ್ರಿಜ್‌ನ ಸ್ವಿಚ್ಚನ್ನೂ ಹತ್ತು ನಿಮಿಷದ ಮಟ್ಟಿಗೆ ತೆಗೆದು, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೀಟರ್ ಮುಂದೆ ನಿಂತೆ. ಇನ್ನು ಮನೆಯಲ್ಲಿ ಏನೂ ಓಡುತ್ತಿಲ್ಲ ಅಂತಲೇ ನನ್ನ ಲೆಕ್ಕ. ಆದರೆ ಮೀಟರ್‌ನ ಕೆಂಪು ಚುಕ್ಕೆ ಮಿನುಗಿತು. 25 ಸೆಕೆಂಡ್ ಬಿಟ್ಟು ಮತ್ತೆ ಮಿನುಗಿತು. ಮತ್ತೆ 25 ಸೆಕೆಂಡ್, ಮತ್ತೊಂದು ಮಿನುಗು.

ನಮ್ಮ ಮೀಟರ್‌ನ ಮೇಲೆ 3200 ಅಂತ ಒಂದು ಸಂಖ್ಯೆ ಇದೆ. ಆ ಚುಕ್ಕೆ 3200 ಸಲ ಮಿನುಗಿದರೆ ಒಂದು ಯೂನಿಟ್, ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಓಡಿದಷ್ಟು ಕರೆಂಟ್, ಮುಗಿಯಿತು ಅಂತ ಅರ್ಥ. ಎಲ್ಲ ಮೀಟರ್‌ಗಳಲ್ಲೂ ಇದೇ ಸಂಖ್ಯೆ ಇರುವುದಿಲ್ಲ, ನಿಮ್ಮದನ್ನು ನೋಡಿಕೊಳ್ಳಿ. 3200ರ ಮೀಟರ್ ಆದರೆ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಸಾಕು, ಆ ಹೊತ್ತಿಗೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ನನಗೆ ಬಂದ ಉತ್ತರ 45 ವ್ಯಾಟ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಇದು ಹಗಲೂ ರಾತ್ರಿ ನಡೆಯುವ ಖರ್ಚು: ದಿನಕ್ಕೆ ಒಂದು ಯೂನಿಟ್‌ಗೂ ಮೇಲೆ, ತಿಂಗಳಿಗೆ 32 ಯೂನಿಟ್. ಯಾರಿಗೂ ಬೇಕಿಲ್ಲದ ಖರ್ಚು.

ಒಂದೊಂದೇ ಪ್ಲಗ್ ಕಿತ್ತು ನೋಡಿದೆ. ಟಿವಿಯ ಸೆಟ್‌ಟಾಪ್ ಬಾಕ್ಸ್ ತೆಗೆದೊಡನೆ ಮಿನುಗು 40 ಸೆಕೆಂಡಿಗೆ ಹೋಯಿತು. ರಿಮೋಟ್‌ನಲ್ಲಿ ಆರಿಸಿದರೂ ಅದು ನಿಜವಾಗಿ ಮಲಗಿರಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಹಳೇ ಮ್ಯೂಸಿಕ್ ಸಿಸ್ಟಮ್ ತೆಗೆದಾಗ ಒಂದೂವರೆ ನಿಮಿಷದ ಹತ್ತಿರ ಹೋಯಿತು. ಉಳಿದದ್ದು ವೈಫೈ ಪೆಟ್ಟಿಗೆ ಮಾತ್ರ. ಮೊಬೈಲ್ ಚಾರ್ಜರ್ ಕಿತ್ತಾಗ ಏನೂ ವ್ಯತ್ಯಾಸ ಕಾಣಲಿಲ್ಲ. ನಾನು ಇಷ್ಟು ದಿನ ಎಲ್ಲರ ಮೇಲೆ ರೇಗುತ್ತಿದ್ದದ್ದು ಆ ಚಾರ್ಜರ್ ವಿಷಯಕ್ಕೇ.

ನಮ್ಮಪ್ಪ ದೀಪದ ವಿಷಯದಲ್ಲಿ ಹೀಗೇ. ಕೋಣೆಯಿಂದ ಹೊರಗೆ ಬಂದು ದೀಪ ಆರಿಸದಿದ್ದರೆ ಮನೆಯಿಡೀ ಕೇಳುವ ಹಾಗೆ ಬಯ್ಯುತ್ತಿದ್ದರು. 60 ವ್ಯಾಟ್‌ನ ಬುರುಡೆ ಬಲ್ಬಿನ ಕಾಲದಲ್ಲಿ ಅದು ನ್ಯಾಯವಾದ ಬಯ್ಗುಳವೇ. ಈಗ ಅಷ್ಟೇ ಬೆಳಕಿಗೆ 9 ವ್ಯಾಟ್ ಎಲ್‌ಇಡಿ ಸಾಕು. ದೀಪ ಆರಿಸುವ ಅಭ್ಯಾಸ ಒಳ್ಳೆಯದೇ, ಬಿಡಬಾರದು. ಆದರೆ ನಮ್ಮ ಮನೆಯ ಬಿಲ್ ಇದ್ದದ್ದು ದೀಪದಲ್ಲಲ್ಲ, ಬಿಸಿಯಲ್ಲಿ.

ಗೀಸರ್‌ದೇ ಲೆಕ್ಕ ತೆಗೆದುಕೊಳ್ಳಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ತರಲು 0.6 ಯೂನಿಟ್‌ಗೂ ತುಸು ಹೆಚ್ಚು ಬೇಕು. ಅದೇ ಕರೆಂಟಿನಲ್ಲಿ ಆ 9 ವ್ಯಾಟ್ ಬಲ್ಬ್ ಸುಮಾರು 68 ಗಂಟೆ ಉರಿಯುತ್ತದೆ! ಇದನ್ನು ಕಾಗದದ ಮೇಲೆ ಬರೆದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಗುಣಿಸಿ ನೋಡಿದರು. "ಹಾಗಾದ್ರೆ ನಾವು ಬೆಳಗ್ಗೆ ಎದ್ದ ತಕ್ಷಣ ಹಾಕಿ ಒಂಬತ್ತು ಗಂಟೆವರೆಗೂ ಬಿಡ್ತೀವಲ್ಲಪ್ಪ ಅದನ್ನ?" ಅಂದರು.

ಅಲ್ಲೇ ಇತ್ತು ತೊಂದರೆ. ನೀರು ಕಾದ ಮೇಲೆ ಥರ್ಮೋಸ್ಟಾಟ್ ಕರೆಂಟ್ ನಿಲ್ಲಿಸುತ್ತದೆ, ನಿಜ. ಆದರೆ ಒಬ್ಬರು ಆರಕ್ಕೆ, ಒಬ್ಬರು ಏಳೂವರೆಗೆ, ಇನ್ನೊಬ್ಬರು ಒಂಬತ್ತಕ್ಕೆ ಸ್ನಾನ ಮಾಡಿದರೆ ನಡುವೆಲ್ಲ ಟ್ಯಾಂಕ್ ತಣ್ಣಗಾಗುವುದು, ಮತ್ತೆ ಕಾಯುವುದು. ಕೊನೆಯವರ ಸ್ನಾನ ಮುಗಿದ ಮೇಲೂ ಟ್ಯಾಂಕ್ ತುಂಬ ಬಿಸಿನೀರು; ಅದು ಸಂಜೆಯೊಳಗೆ ಸುಮ್ಮನೆ ಆರಿಹೋಗುತ್ತದೆ. ಈಗ ನಾವು ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುತ್ತೇವೆ. ಕೊನೆಯವರು ಒಳಗೆ ಹೋಗುವ ಮುಂಚೆಯೇ ಸ್ವಿಚ್ ಆರಿಸುತ್ತಾರೆ, ಟ್ಯಾಂಕ್‌ನಲ್ಲಿ ಇರುವ ಬಿಸಿಯೇ ಅವರಿಗೆ ಸಾಕಾಗುತ್ತದೆ. ಇಸ್ತ್ರಿ ಪೆಟ್ಟಿಗೆಗೂ ಇದೇ ಉಪಾಯ: ವಾರದ ಬಟ್ಟೆ ಒಟ್ಟಿಗೆ ಮಾಡಿ, ಕೊನೆಯ ತೆಳು ಬಟ್ಟೆಗೆ ಪ್ಲಗ್ ತೆಗೆದೇ ಉಜ್ಜುವುದು.

ಅಡುಗೆ ಒಲೆಯ ಮೇಲೂ ಮುಚ್ಚಳವಿಲ್ಲದ ಪಾತ್ರೆ ಕಂಡರೆ ಈಗ ನನ್ನ ಕೈ ತಾನಾಗಿ ಹೋಗುತ್ತದೆ. ನೀರು ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದು ಇನ್ನಷ್ಟು ಬಿಸಿಯಾಗುವುದಿಲ್ಲ, ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ ಅಷ್ಟೇ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರುವ ಶಾಖಕ್ಕಿಂತ ಅದನ್ನೇ ಆವಿ ಮಾಡಲು ಆರು ಪಟ್ಟಿಗೂ ಹೆಚ್ಚು ಶಾಖ ಬೇಕು. ಕುದಿ ಬಂತೋ, ಉರಿ ಸಣ್ಣ ಮಾಡಿ ಮುಚ್ಚಿಬಿಡಿ.

ಫ್ರಿಜ್‌ನದು ಬೇರೆಯದೇ ಕಥೆ. ಬಾಗಿಲ ಸಂದಿಯಲ್ಲಿ ಒಂದು ಹಾಳೆ ಇಟ್ಟು ಮುಚ್ಚಿ ಎಳೆದೆ. ಬಾಗಿಲು ಸರಿಯಾಗಿದ್ದರೆ ಹಾಳೆ ಬಿಗಿಯಾಗಿ ಹಿಡಿದುಕೊಳ್ಳಬೇಕು. ಕೆಳಗಿನ ಮೂಲೆಯಲ್ಲಿ ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು. ಬಗ್ಗಿ ನೋಡಿದರೆ ರಬ್ಬರ್‌ನ ಮಡಿಕೆಗಳಲ್ಲಿ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್, ಸೋಪಿನ ಬೆಚ್ಚನೆಯ ನೀರು ತೆಗೆದುಕೊಂಡು ಮಡಿಕೆ ಮಡಿಕೆ ಬಿಡಿಸಿ ತೊಳೆದೆ. ಮುಕ್ಕಾಲು ಗಂಟೆ ಹಿಡಿಯಿತು. ಒಣಗಿದ ಮೇಲೆ ಮೂರು ಕಡೆ ಹಾಳೆ ಗಟ್ಟಿಯಾಗಿ ನಿಂತಿತು, ಒಂದು ಮೂಲೆಯಲ್ಲಿ ರಬ್ಬರೇ ಸೀಳಿತ್ತು. ಅದನ್ನು ಬದಲಿಸಲೇಬೇಕಾಯಿತು. ಗೋಡೆಗೆ ಅಂಟಿಕೊಂಡಿದ್ದ ಫ್ರಿಜ್ಜನ್ನು ಒಂದು ಗೇಣು ಮುಂದೆ ಎಳೆದೆವು. ಒಳಗಿನ ಬಿಸಿಯನ್ನು ಅದು ಹಿಂದಿನಿಂದಲೇ ಹೊರಗೆ ಹಾಕಬೇಕು, ಅದಕ್ಕೆ ಗಾಳಿ ಬೇಡವೇ?

ನನ್ನ ನೋಟ್‌ಬುಕ್‌ನಲ್ಲಿ ಮೊದಲು ದಿನಕ್ಕೆ ಎಂಟು ಯೂನಿಟ್ ಅಂತ ಇದ್ದದ್ದು ಈಗ ಆರರ ಆಸುಪಾಸಿನಲ್ಲಿದೆ. ಋತು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ, ಹಾಗಾಗಿ ಹೋದ ವರ್ಷದ ಇದೇ ತಿಂಗಳ ಬಿಲ್ ಪಕ್ಕದಲ್ಲಿಟ್ಟುಕೊಂಡೇ ಹೋಲಿಸುತ್ತೇನೆ. ಹೊಸ ಉಪಕರಣ ಯಾವುದನ್ನೂ ಕೊಂಡಿಲ್ಲ.

ಮೀಟರ್ ಓದುವ ಕೆಲಸ ಈಗ ಅಪ್ಪನದು. ಬೆಳಗ್ಗೆ ಏಳಕ್ಕೆ ಸರಿಯಾಗಿ ಪೆನ್ಸಿಲ್ ಹಿಡಿದು ಹೋಗುತ್ತಾರೆ. ನಿನ್ನೆ ಒಂದು ಯೂನಿಟ್ ಜಾಸ್ತಿ ಬಂದಿತ್ತು. ತಿಂಡಿಗೆ ಕೂರುವಷ್ಟರಲ್ಲಿ, ಹಿತ್ತಲ ಕಡೆಯ ನೀರಿನ ಪಂಪು ಯಾರು ಎಷ್ಟು ಹೊತ್ತು ಬಿಟ್ಟಿದ್ದರು ಅಂತ ಪತ್ತೆ ಮಾಡಿ ಮುಗಿಸಿದ್ದರು.