ಕಲೋನ್ ಊರಿನ ಹೆಸರು ಬಿಡಿಸಿ ಹೇಳುವಾಗ

ಜರ್ಮನಿಯ ಕಲೋನ್ ನಗರದಲ್ಲಿ ನಾನು ಟೂರ್ ಗೈಡ್. ನಮ್ಮ ಕಡೆಯ ಹಿರಿಯರು ಬಂದರೆ ಒಂದು ಪ್ರಶ್ನೆ ಗ್ಯಾರಂಟಿ: "ಜ್ವರ ಬಂದಾಗ ಹಣೆಗೆ ಹಾಕ್ತಿದ್ದ ಯೂಡಿಕೊಲೋನ್ ಇದೇ ಊರಿಂದಾ?" ಹೌದು, 1709ರಲ್ಲಿ ಇಲ್ಲಿ ಶುರುವಾದ ಫರೀನಾ ಕಂಪನಿಯ ಸುಗಂಧಕ್ಕೆ ಬಂದದ್ದು ಊರಿನ ಹೆಸರೇ. ಹಾಗಾದರೆ ಊರಿಗೆ ಹೆಸರು ಎಲ್ಲಿಂದ ಬಂತು?

'ಕೊಲೋನಿಯಾ ಅಂದ್ರೆ ವಸಾಹತು' ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಜನ ತಲೆಯಾಡಿಸಿ ಮುಂದೆ ಹೋಗುತ್ತಾರೆ, ಅಷ್ಟೇ. ಈ ಕೆಲಸದಲ್ಲಿ ನಾನು ಕಲಿತದ್ದು, ಬರೀ ಅರ್ಥ ಹೇಳಿದರೆ ಸಾಲದು, ಹೆಸರನ್ನು ಯಾರು, ಯಾಕೆ ಇಟ್ಟರು ಅನ್ನೋದನ್ನೂ ಹೇಳಬೇಕು.

ಅದಕ್ಕೇ ಮೊದಲು ಕಲ್ಲು ತೋರಿಸುತ್ತೇನೆ. ಕೆಥೆಡ್ರಲ್ ಎದುರು ರೋಮನ್ನರ ಉತ್ತರ ಬಾಗಿಲಿನ ಚಿಕ್ಕ ಕಮಾನು ಇನ್ನೂ ನಿಂತಿದೆ. ನಡುವಿನ ದೊಡ್ಡ ಕಮಾನು ಮ್ಯೂಸಿಯಂ ಸೇರಿದೆ, ಅದರ ಫೋಟೋ ನನ್ನ ಬ್ಯಾಗಲ್ಲೇ ಇರುತ್ತದೆ. ಅದರ ಮೇಲೆ ಕೆತ್ತಿರೋದು ಸಿ, ಸಿ, ಎ, ಎ. ಕೊಲೋನಿಯಾ ಕ್ಲಾಡಿಯಾ ಆರಾ ಅಗ್ರಿಪ್ಪಿನೆನ್ಸಿಯಂ.

ಆರಾ ಎಂದರೆ ಬಲಿಪೀಠ. ರೈನ್ ದಡದಲ್ಲಿದ್ದ ಉಬಿಯರೆಂಬ ಜರ್ಮನ್ ಬುಡಕಟ್ಟಿನ ಊರಲ್ಲಿ ರೋಮನ್ನರು ಅದನ್ನು ಕಟ್ಟಿಸಿದ್ದರು. ಕ್ಲಾಡಿಯಾ ಬಂದದ್ದು ಚಕ್ರವರ್ತಿ ಕ್ಲಾಡಿಯಸ್‌ನಿಂದ. ಇನ್ನು ಅಗ್ರಿಪ್ಪಿನಾ ಅವನ ಹೆಂಡತಿ, ನೀರೋನ ತಾಯಿ. ಅಪ್ಪ ಜರ್ಮಾನಿಕಸ್ ಇಲ್ಲಿ ಸೇನಾಪತಿಯಾಗಿದ್ದಾಗ, ಕ್ರಿ.ಶ. 15ರಲ್ಲಿ, ಇದೇ ಊರಲ್ಲಿ ಹುಟ್ಟಿದವಳು. ತನ್ನ ಮಾತು ಎಷ್ಟು ನಡೆಯುತ್ತದೆ ಅಂತ ಮಿತ್ರ ಬುಡಕಟ್ಟುಗಳಿಗೂ ತೋರಿಸಲು ಹುಟ್ಟೂರಲ್ಲಿ ನಿವೃತ್ತ ಸೈನಿಕರನ್ನು ನೆಲೆ ಮಾಡಿಸಿದಳು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಕ್ರಿ.ಶ. 50ರಲ್ಲಿ ಊರು ಕೊಲೋನಿಯಾ ಆಯಿತು. ಅದು ಸುಮ್ನೆ ಹೆಸರಲ್ಲ, ದರ್ಜೆ. ರೋಮನ್ ಕಾನೂನಿನಲ್ಲಿ ಊರಿಗೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಜನರೇ ಪ್ರಶ್ನೆ ಶುರು ಮಾಡುತ್ತಾರೆ. "ಹಾಗಾದ್ರೆ ಮೊದಲಿದ್ದ ಉಬಿಯರಿಗೆ ಬೇಜಾರಾಗ್ಲಿಲ್ವಾ?" ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಅವರು ತಮ್ಮನ್ನು ಅಗ್ರಿಪ್ಪಿನೆನ್ಸೆಸ್ ಅಂತಲೇ ಕರೆದುಕೊಂಡರು. ಸ್ವಂತ ಹೆಸರು ಬಿಟ್ಟು ರೋಮನ್ ಹೆಸರು ಹಿಡಿದರಲ್ಲ ಅಂತ ಉಳಿದ ಜರ್ಮನ್ನರಿಗೇ ಸಿಟ್ಟು. ಮುಂದೆ ಜನರ ಬಾಯಲ್ಲಿ ರಾಣಿಯ ಹೆಸರೂ ಬಿತ್ತು, ಚಕ್ರವರ್ತಿಯದ್ದೂ ಬಿತ್ತು. ಉಳಿದ ಕೊಲೋನಿಯಾ ಸವೆದು ಜರ್ಮನ್ ಭಾಷೆಯಲ್ಲಿ ಕ್ಯೋಲ್ನ್ ಆಯಿತು. ಇಲ್ಲಿನ ಆಡುಮಾತಲ್ಲಿ ಕ್ಯೋಲ್ಲೆ.